ಉಪ್ಪು ಇಳಿದದ್ದೇಕೆ? ಶ್ವಾಸಕೋಶದ ಕ್ಯಾನ್ಸರ್ ಮತ್ತು ಹಾರ್ಮೋನುಗಳ ಹಾವಳಿ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸೋಮವಾರ ಬೆಳಿಗ್ಗೆ ಹಾರೋಹಳ್ಳಿಯ ನನ್ನ ಕ್ಲಿನಿಕ್ಕಿಗೆ ಅರವತ್ತು ದಾಟಿದ ರೈತರೊಬ್ಬರನ್ನು ಅವರ ಮಗ ಆಟೋದಲ್ಲಿ ಕರೆತಂದ. "ಸಾ, ನಮ್ಮಪ್ಪಾರು ಮೂರು ದಿನದಿಂದ ಏನೇನೋ ಮಾತಾಡ್ತಾವ್ರೆ. ರಾತ್ರಿ ಎದ್ದು ಹಸು ಬಿಚ್ಚಕ್ಕೆ ಹೋಗ್ತಾರೆ, ಹಸು ಮಾರಿ ಎರಡು ವರ್ಷ ಆಯ್ತು. ಗಾಳಿ ಸೋಕೈತೆ ಅಂತಾವ್ರೆ ಮನೆಯೋರು" ಎಂದ. ಮನೆಯವರು ಆಗಲೇ ಒಂದು ತಾಯಿತ ಕಟ್ಟಿಸಿದ್ದರು. ಅದರಿಂದ ಗುಣ ಕಾಣದೆ ನಿಮ್ಹಾನ್ಸಿಗೆ ಕರೆದೊಯ್ಯುವ ಯೋಚನೆಯೂ ಇತ್ತು.

ರೋಗಿಗೆ ಜ್ವರವಿರಲಿಲ್ಲ. ರಕ್ತದೊತ್ತಡ ಸರಿಯಾಗಿತ್ತು. ಸಕ್ಕರೆ ಸರಿಯಾಗಿತ್ತು. ಕೈಕಾಲುಗಳಲ್ಲಿ ಲಕ್ವದ ಗುರುತಿರಲಿಲ್ಲ. ಒಂದು ವಾರದಿಂದ ಊಟ ಸೇರುತ್ತಿರಲಿಲ್ಲ, ಎರಡು ಮೂರು ಸಲ ವಾಂತಿಯಾಗಿತ್ತು. ನಿಶ್ಶಕ್ತಿಯೆಂದು ನಾನೂ ಒಂದು ಬಾಟಲಿ ಸಲೈನ್ ಹಾಕಿಸಿದೆ. ಸಂಜೆಯ ಹೊತ್ತಿಗೆ ಅವರು ಚೇತರಿಸಿಕೊಳ್ಳುವ ಬದಲು ಇನ್ನಷ್ಟು ಮಂಪರಿಗೆ ಜಾರಿದ್ದರು. ಅಷ್ಟರಲ್ಲಿ ರಕ್ತಪರೀಕ್ಷೆಯ ವರದಿ ಬಂತು. ರಕ್ತದಲ್ಲಿ ಸೋಡಿಯಂ ಸಾಮಾನ್ಯವಾಗಿ 135ರಿಂದ 145ರವರೆಗೆ ಇರಬೇಕು. ಇವರದು 114 ಇತ್ತು.

ಎದೆಯ ಎಕ್ಸ್-ರೇ ತೆಗೆಸಿದಾಗ ಬಲ ಶ್ವಾಸಕೋಶದ ಬುಡದಲ್ಲಿ, ಶ್ವಾಸನಾಳ ಕವಲೊಡೆಯುವ ಕಡೆ, ನಿಂಬೆಹಣ್ಣಿನ ಗಾತ್ರದ ಬಿಳಿ ನೆರಳು ಕಂಡಿತು. ನಲವತ್ತು ವರ್ಷ ಬೀಡಿ ಸೇದಿದ ಎದೆ ಅದು. ವಿಚಿತ್ರವೆಂದರೆ ಅವರಿಗೆ ಹೇಳಿಕೊಳ್ಳುವಂಥ ಕೆಮ್ಮಾಗಲಿ, ಕಫದಲ್ಲಿ ರಕ್ತವಾಗಲಿ, ಎದೆನೋವಾಗಲಿ ಇರಲಿಲ್ಲ. ಎದೆಯೊಳಗಿನ ಕಾಯಿಲೆ ಎದೆಯಲ್ಲಿ ಸದ್ದು ಮಾಡದೆ ಮಿದುಳಿನ ಬಾಗಿಲು ತಟ್ಟಿತ್ತು. ಸೋಡಿಯಂ ತೀರ ಕಡಿಮೆಯಿದ್ದ ಕಾರಣ ಅದೇ ರಾತ್ರಿ ಅವರನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಬಯಾಪ್ಸಿಯಲ್ಲಿ ಸಣ್ಣ ಜೀವಕೋಶದ ಶ್ವಾಸಕೋಶ ಕ್ಯಾನ್ಸರ್ ಎಂದು ತಿಳಿದುಬಂತು.

ಗಡ್ಡೆ ಎದೆಯಲ್ಲಿ, ತೊಂದರೆ ಮತ್ತೆಲ್ಲೋ

ಕ್ಯಾನ್ಸರ್ ಗಡ್ಡೆ ತಾನಿರುವ ಜಾಗವನ್ನು ಒತ್ತಿ ತೊಂದರೆ ಕೊಡುತ್ತದೆ, ದೂರದ ಅಂಗಗಳಿಗೆ ಹರಡಿ ತೊಂದರೆ ಕೊಡುತ್ತದೆ. ಇವೆರಡು ಎಲ್ಲರಿಗೂ ಗೊತ್ತು. ಮೂರನೆಯ ದಾರಿಯೊಂದಿದೆ. ಗಡ್ಡೆ ಅಲ್ಲೇ ಕುಳಿತು ಹಾರ್ಮೋನುಗಳನ್ನೋ ಅವುಗಳನ್ನು ಹೋಲುವ ರಾಸಾಯನಿಕಗಳನ್ನೋ ರಕ್ತಕ್ಕೆ ಸುರಿಯುತ್ತದೆ. ಅವು ರಕ್ತದೊಡನೆ ಹರಿದು ಮೂತ್ರಪಿಂಡ, ಮೂಳೆ, ಮಿದುಳುಗಳ ಕೆಲಸವನ್ನು ಕೆಡಿಸುತ್ತವೆ. ಆ ಅಂಗಗಳಲ್ಲಿ ಕ್ಯಾನ್ಸರಿನ ಒಂದು ಕಣವೂ ಇರಬೇಕಾಗಿಲ್ಲ. ಇಂಥ ತೊಂದರೆಗಳಿಗೆ ವೈದ್ಯರು ಪ್ಯಾರಾನಿಯೋಪ್ಲಾಸ್ಟಿಕ್ ಲಕ್ಷಣಕೂಟ ಎನ್ನುತ್ತಾರೆ. ಹೆಸರು ಬಾಯಿಗೆ ಕಷ್ಟ. ಗಡ್ಡೆಯ ಪಕ್ಕವಾದ್ಯ ಎಂದುಕೊಂಡರೂ ಅಡ್ಡಿಯಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಇರುವ ಸುಮಾರು ಹತ್ತರಲ್ಲಿ ಒಬ್ಬರಿಗೆ ಇಂಥ ಒಂದಲ್ಲ ಒಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಕ್ಯಾನ್ಸರ್ ಪತ್ತೆಯಾಗುವುದಕ್ಕೆ ವಾರಗಳು, ತಿಂಗಳುಗಳ ಮುಂಚೆಯೇ ಇದು ಶುರುವಾಗಿರುತ್ತದೆ.

ಶ್ವಾಸಕೋಶಕ್ಕೆ ಹಾರ್ಮೋನು ತಯಾರಿಸುವ ವಿದ್ಯೆ ಎಲ್ಲಿಂದ ಬಂತು? ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಒಂದೇ ವಂಶವಾಹಿಗಳ ಕಂತೆಯಿದೆ. ಶ್ವಾಸಕೋಶದ ಕೋಶಕ್ಕೆ ಬೇಡವಾದ ಪುಟಗಳನ್ನು ದೇಹ ಬೀಗ ಹಾಕಿ ಇಟ್ಟಿರುತ್ತದೆ. ಕೋಶ ಕ್ಯಾನ್ಸರಿಗೆ ತಿರುಗಿದಾಗ ಆ ಬೀಗಗಳು ಕಳಚಿಕೊಳ್ಳುತ್ತವೆ. ಅದೂ ಅಲ್ಲದೆ ನಮ್ಮ ಶ್ವಾಸನಾಳದ ಒಳಪದರದಲ್ಲಿ ಹಾರ್ಮೋನಿನಂಥ ವಸ್ತುಗಳನ್ನು ಸ್ರವಿಸಬಲ್ಲ ಕೆಲವು ವಿಶೇಷ ಕೋಶಗಳು ಹುಟ್ಟಿನಿಂದಲೇ ಅಲ್ಲಲ್ಲಿ ಚದುರಿಕೊಂಡಿವೆ. ಸಣ್ಣ ಜೀವಕೋಶದ ಕ್ಯಾನ್ಸರ್ ಇಂಥ ಗುಣವಿರುವ ಕೋಶಗಳದ್ದು. ಆದ್ದರಿಂದ ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಸುಮಾರು ಶೇಕಡ 15ರಷ್ಟೇ ಇರುವ ಈ ಬಗೆ ಹಾರ್ಮೋನಿನ ಹಾವಳಿಯಲ್ಲಿ ಮಾತ್ರ ಎಲ್ಲರಿಗಿಂತ ಮುಂದು. ಇದು ಬಹುಪಾಲು ಬೀಡಿ, ಸಿಗರೇಟು ಸೇದುವವರ ಕಾಯಿಲೆ. ಒಂದೂ ಬೀಡಿ ಮುಟ್ಟದವರಲ್ಲಿ ಅಪರೂಪ.

ತೂಬು ಮುಚ್ಚಿದ ಕೆರೆ

ನಮ್ಮ ರೋಗಿಗೆ ಆಗಿದ್ದೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಭಾಗವಿದೆ. ಅದು ರಕ್ತ ಎಷ್ಟು ಗಟ್ಟಿ, ಎಷ್ಟು ತೆಳು ಎಂದು ಕ್ಷಣಕ್ಷಣಕ್ಕೂ ಅಳೆಯುತ್ತಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ ದುಡಿದು ಬೆವರು ಸುರಿಸಿದಾಗ ರಕ್ತ ಗಟ್ಟಿಯಾಗುತ್ತದೆ. ಆಗ ಪಿಟ್ಯುಟರಿ ಗ್ರಂಥಿಯಿಂದ ಎ.ಡಿ.ಎಚ್. ಎಂಬ ಹಾರ್ಮೋನು ಹೊರಟು ಮೂತ್ರಪಿಂಡಕ್ಕೆ "ನೀರು ಬಿಡಬೇಡ" ಎಂದು ಹೇಳುತ್ತದೆ. ಮೂತ್ರ ಹಳದಿಯಾಗಿ ಕಡಿಮೆಯಾಗುತ್ತದೆ. ಚೆನ್ನಾಗಿ ನೀರು ಕುಡಿದಾಗ ಹಾರ್ಮೋನು ನಿಲ್ಲುತ್ತದೆ, ಹೆಚ್ಚಿನ ನೀರು ತಿಳಿಮೂತ್ರವಾಗಿ ಹೊರಹೋಗುತ್ತದೆ. ಕೆರೆಯ ನೀರುಗಂಟಿ ಮಟ್ಟ ನೋಡಿಕೊಂಡು ತೂಬನ್ನು ಎತ್ತಿ ಇಳಿಸುವ ಹಾಗೆ.

ಗಡ್ಡೆ ಸುರಿಸುವ ಎ.ಡಿ.ಎಚ್.ಗೆ ಇಂಥ ನೀರುಗಂಟಿಯೇ ಇಲ್ಲ. ಕೆರೆ ತುಂಬಿ ಕೋಡಿ ಹರಿಯುವಂತಾದರೂ ತೂಬು ಮುಚ್ಚಿಯೇ ಇರುತ್ತದೆ. ಕುಡಿದ ನೀರು ದೇಹದಲ್ಲೇ ಉಳಿದು ರಕ್ತದ ಸೋಡಿಯಂ ತೆಳುವಾಗುತ್ತಾ ಹೋಗುತ್ತದೆ. "ಉಪ್ಪು ಕಡಿಮೆಯಾಗಿದೆ" ಎಂದು ನಾವು ವೈದ್ಯರು ಸುಲಭಕ್ಕೆ ಹೇಳಿಬಿಡುತ್ತೇವೆ. ನಿಜವಾಗಿ ಆಗಿರುವುದು ನೀರು ಜಾಸ್ತಿ. ನಾನು ಹಾಕಿಸಿದ ಸಲೈನ್ ಕೆಡುಕು ಮಾಡಿದ್ದೂ ಹೀಗೆಯೇ. ಸಲೈನಿನಲ್ಲಿದ್ದ ಉಪ್ಪನ್ನು ಮೂತ್ರಪಿಂಡ ಹೊರಹಾಕಿತು, ನೀರನ್ನು ಮಾತ್ರ ಹಿಡಿದಿಟ್ಟುಕೊಂಡಿತು. ವರದಿ ಬರುವವರೆಗೆ ಕಾಯಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ವಾಂತಿ ಭೇದಿಯಾದವರಿಗೆ ಅದೇ ಸಲೈನ್ ಜೀವ ಉಳಿಸುತ್ತದೆ. ಆದರೆ ಮಂಪರಾದ ಪ್ರತಿ ವೃದ್ಧರಿಗೂ "ಒಂದು ಬಾಟ್ಲಿ ಹಾಕಿಬಿಡಿ ಡಾಕ್ಟ್ರೇ" ಎಂದು ಒತ್ತಾಯ ಮಾಡುವುದನ್ನು ಮನೆಯವರು ಬಿಡಬೇಕು, ಹಾಕುವುದನ್ನು ನಾವೂ ಬಿಡಬೇಕು.

ರಕ್ತ ತೆಳುವಾದಾಗ ನೀರು ಜೀವಕೋಶಗಳ ಒಳಕ್ಕೆ ನುಗ್ಗುತ್ತದೆ. ಮಿಕ್ಕ ಅಂಗಗಳು ಊದಿಕೊಂಡರೆ ಹೇಗೋ ತಾಳಿಕೊಳ್ಳುತ್ತವೆ. ಗಟ್ಟಿ ಬುರುಡೆಯೊಳಗಿರುವ ಮಿದುಳಿಗೆ ಊದಿಕೊಳ್ಳಲು ಜಾಗವಿಲ್ಲ. ಮೊದಲು ಹಸಿವಿಲ್ಲದಿರುವುದು, ವಾಕರಿಕೆ, ತಲೆನೋವು. ಆಮೇಲೆ ಮರೆವು, ತಾಳತಪ್ಪಿದ ಮಾತು, ನಡೆಯುವಾಗ ತೂರಾಟ. ಸೋಡಿಯಂ 120ಕ್ಕಿಂತ ಕೆಳಗಿಳಿದರೆ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ನಿಧಾನವಾಗಿ ಇಳಿದರೆ ಕೆಲವರು 115ರಲ್ಲೂ ಎದ್ದು ಓಡಾಡುತ್ತಾರೆ. ಎರಡು ದಿನದಲ್ಲಿ ದಿಢೀರನೆ ಇಳಿದರೆ 125ರಲ್ಲೇ ಅಪಾಯ. ಇನ್ನೊಂದು ಗಮನಿಸಿ, ಕಾಲು ಊತ ಸಾಮಾನ್ಯವಾಗಿ ಇರುವುದಿಲ್ಲ. ನೀರು ತುಂಬಿಕೊಂಡಿದ್ದರೂ ಹೊರಗೆ ಕಾಣದಿರುವುದರಿಂದಲೇ ಇದು ಮೋಸ ಮಾಡುತ್ತದೆ.

ಈ ಲಕ್ಷಣಕೂಟವನ್ನು ಮೊದಲು ಗುರುತಿಸಿದ್ದು ಅಮೆರಿಕದ ವಿಲಿಯಂ ಶ್ವಾರ್ಟ್ಸ್ ಮತ್ತು ಫ್ರೆಡರಿಕ್ ಬಾರ್ಟರ್, 1957ರಲ್ಲಿ. ಅವರು ವರದಿ ಮಾಡಿದ ಇಬ್ಬರು ರೋಗಿಗಳಿಗೂ ಶ್ವಾಸಕೋಶದ ಕ್ಯಾನ್ಸರ್ ಇತ್ತು. ಸಣ್ಣ ಜೀವಕೋಶದ ಕ್ಯಾನ್ಸರ್ ಇರುವ ನೂರು ಜನರಲ್ಲಿ ಹತ್ತರಿಂದ ಹದಿನೈದು ಮಂದಿಗೆ ಇದು ಬರುತ್ತದೆ.

ಚಿಕಿತ್ಸೆಯ ಮೊದಲ ಮೆಟ್ಟಿಲು ಔಷಧಿಯಲ್ಲ, ನೀರು ಕಡಿಮೆ ಮಾಡುವುದು. ಕಾಫಿ, ಮಜ್ಜಿಗೆ, ಸಾರು, ಎಳನೀರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರಿನೊಳಗೆ. ಕಾಯಿಲೆಯವರನ್ನು ನೋಡಲು ಬರುವ ನೆಂಟರಿಷ್ಟರು ಎಳನೀರು ತರುವುದು ನಮ್ಮ ಕಡೆಯ ಪದ್ಧತಿ, ಇಲ್ಲಿ ಅದು ಔಷಧಿಯ ಬದಲು ವಿಷವಾದೀತು. ಊಟದಲ್ಲಿ ಉಪ್ಪು ಬಿಡಿಸಬಾರದು. ಫಿಟ್ಸ್, ಮಂಪರು ಇದ್ದರೆ ಆಸ್ಪತ್ರೆಯಲ್ಲಿ ಶೇಕಡ 3ರ ಗಾಢ ಉಪ್ಪಿನ ದ್ರಾವಣವನ್ನು ಹನಿಹನಿಯಾಗಿ ಕೊಡುತ್ತಾರೆ. ಅದರಲ್ಲೂ ಅವಸರ ಕೂಡದು. 24 ಗಂಟೆಯಲ್ಲಿ ಸೋಡಿಯಂ ಎಂಟು ಹತ್ತು ಅಂಕಕ್ಕಿಂತ ಹೆಚ್ಚು ಏರಿದರೆ ಮಿದುಳಿನ ನರತಂತುಗಳ ಹೊದಿಕೆ ಕಳಚಿ ಶಾಶ್ವತವಾಗಿ ಕೈಕಾಲು, ಮಾತು ಬಿದ್ದುಹೋಗುವ ಭಯವಿದೆ. "ಬೇಗ ಏರಿಸಿಬಿಡಿ" ಎಂದು ವೈದ್ಯರನ್ನು ಅವಸರಪಡಿಸಬೇಡಿ. ಟಾಲ್ವಾಪ್ಟಾನ್ ಎಂಬ ಮಾತ್ರೆ ಎ.ಡಿ.ಎಚ್.ನ ಅಪ್ಪಣೆಯನ್ನು ಮೂತ್ರಪಿಂಡದಲ್ಲೇ ತಡೆಯುತ್ತದೆ. ಅದನ್ನು ಶುರು ಮಾಡುವುದು ಆಸ್ಪತ್ರೆಯೊಳಗೇ ಆಗಬೇಕು. ನಿಜವಾದ ಮದ್ದು ಗಡ್ಡೆಗೆ ಕೊಡುವ ಕೀಮೋಥೆರಪಿ. ಗಡ್ಡೆ ಕರಗಿದರೆ ಕೆಲವು ವಾರಗಳಲ್ಲೇ ಸೋಡಿಯಂ ತಾನಾಗಿ ಮೇಲೇರುತ್ತದೆ.

ಇದನ್ನು ಓದಿ ಸೋಡಿಯಂ ಇಳಿದವರೆಲ್ಲ ಕ್ಯಾನ್ಸರ್ ಎಂದು ಹೆದರಬೇಕಾಗಿಲ್ಲ. ನನ್ನಲ್ಲಿಗೆ ಬರುವ ವೃದ್ಧರಲ್ಲಿ ಹೆಚ್ಚಿನವರಿಗೆ ಅದು ಬಿ.ಪಿ.ಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಯಿಂದಲೋ, ವಾಂತಿ ಭೇದಿಯಿಂದಲೋ, ಫಿಟ್ಸ್ ಇಲ್ಲವೆ ಮನೋರೋಗದ ಕೆಲವು ಮಾತ್ರೆಗಳಿಂದಲೋ ಆಗಿರುತ್ತದೆ. ನ್ಯುಮೋನಿಯಾ, ಕ್ಷಯದಲ್ಲೂ ಸೋಡಿಯಂ ಇಳಿಯುತ್ತದೆ. ಕಾರಣ ಸಿಗದೆ ಇಳಿದೇ ಇದ್ದರೆ, ಅದರಲ್ಲೂ ಬೀಡಿ ಸೇದುವವರಾದರೆ, ಎದೆಯ ಎಕ್ಸ್-ರೇ ಇಲ್ಲದೆ ಸುಮ್ಮನಿರಬಾರದು. ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೆ ಸಿ.ಟಿ. ಸ್ಕ್ಯಾನ್ ಬೇಕಾಗಬಹುದು.

ಮೂಳೆಯ ಸುಣ್ಣ ರಕ್ತಕ್ಕೆ

ಎರಡನೆಯ ಹಾವಳಿ ಕ್ಯಾಲ್ಸಿಯಂನದು. ಇದು ಹೆಚ್ಚಾಗಿ ಸ್ಕ್ವಾಮಸ್ ಬಗೆಯ ಶ್ವಾಸಕೋಶ ಕ್ಯಾನ್ಸರಿನಲ್ಲಿ ಕಾಣುತ್ತದೆ. ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂದೆ ಬೇಳೆಕಾಳಿನಷ್ಟು ದೊಡ್ಡ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದ ಕ್ಯಾಲ್ಸಿಯಂ ಕಾಯುವುದು ಅವುಗಳ ಹಾರ್ಮೋನು. ಗಡ್ಡೆಯು ಈ ಹಾರ್ಮೋನಿನ ತದ್ರೂಪಿಯೊಂದನ್ನು ತಯಾರಿಸುತ್ತದೆ. 1987ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ವಿಜ್ಞಾನಿಗಳು ಇದನ್ನು ಬೇರ್ಪಡಿಸಿ ತೆಗೆದದ್ದು ಶ್ವಾಸಕೋಶದ ಕ್ಯಾನ್ಸರ್ ಕೋಶಗಳಿಂದಲೇ. ಸೋಜಿಗವೆಂದರೆ ಈ ವಸ್ತು ದೇಹಕ್ಕೆ ಹೊಸದಲ್ಲ. ಹಾಲೂಡಿಸುವ ತಾಯಿಯ ಸ್ತನದಲ್ಲಿ ಇದೇ ತಯಾರಾಗಿ, ಆಕೆಯ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ಮಗುವಿನ ಹಾಲಿಗೆ ಒದಗಿಸುತ್ತದೆ. ತಾಯಿ ಮಗುವಿಗಾಗಿ ಬಳಸುವ ಉಪಾಯವನ್ನು ಗಡ್ಡೆ ಕದ್ದು ಬಳಸುತ್ತದೆ.

ರಕ್ತದಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ 8.5ರಿಂದ 10.5 ಮಿಲಿಗ್ರಾಂ. 12 ದಾಟಿದರೆ ಲಕ್ಷಣಗಳು ತೋರತೊಡಗುತ್ತವೆ, 14 ದಾಟಿದರೆ ತುರ್ತು ಚಿಕಿತ್ಸೆ ಬೇಕು. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಹೊಟ್ಟೆನೋವು, ಸುಸ್ತು, ಮಂಕು. ಬಾಯಾರಿಕೆ ಮತ್ತು ಮೂತ್ರ ಕೇಳಿದೊಡನೆ ಮನೆಯವರು ಸಕ್ಕರೆ ಕಾಯಿಲೆ ಎನ್ನುತ್ತಾರೆ. ಸಕ್ಕರೆ ಪರೀಕ್ಷೆ ಸರಿಯಿದ್ದರೆ "ಏನೂ ಇಲ್ಲ ಬಿಡಿ" ಎನ್ನುತ್ತಾರೆ. ಅಲ್ಲಿಗೆ ನಿಲ್ಲಬಾರದು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಸೊಂಟನೋವು, ಮೈಕೈನೋವು, ಸುಸ್ತು ಎಂದರೆ ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ ತಂದು ನುಂಗುವುದು ಈಗ ಮನೆಮನೆಯ ಅಭ್ಯಾಸವಾಗಿದೆ. ರಕ್ತದಲ್ಲಿ ಮೊದಲೇ ಕ್ಯಾಲ್ಸಿಯಂ ಹೆಚ್ಚಿರುವವರಿಗೆ ಇದು ಉರಿಯುವ ಒಲೆಗೆ ಸೌದೆ ಹಾಕಿದಂತೆ. ವಯಸ್ಸಾದವರು ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಳ್ಳುವ ಮುಂಚೆ ಒಂದು ಸಲ ರಕ್ತ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಈ ಬಗೆಯಲ್ಲಿ ಚಿಕಿತ್ಸೆ ಸೋಡಿಯಂನದಕ್ಕೆ ತದ್ವಿರುದ್ಧ. ಇಲ್ಲಿ ದೇಹ ಒಣಗಿರುತ್ತದೆ, ಸಲೈನ್ ಧಾರಾಳವಾಗಿ ಬೇಕು. ಜೊತೆಗೆ ಮೂಳೆ ಸವೆಯುವುದನ್ನು ತಡೆಯುವ ಜೋಲೆಡ್ರೋನಿಕ್ ಆಮ್ಲದ ಇಂಜೆಕ್ಷನ್ ಕೊಡುತ್ತಾರೆ. ಎರಡು ಮೂರು ದಿನದಲ್ಲಿ ಕ್ಯಾಲ್ಸಿಯಂ ಇಳಿಯತೊಡಗುತ್ತದೆ. ಕ್ಯಾನ್ಸರ್ ಮೂಳೆಗೇ ಹರಡಿದಾಗಲೂ ಕ್ಯಾಲ್ಸಿಯಂ ಏರುತ್ತದೆ, ಎರಡನ್ನೂ ಬೇರ್ಪಡಿಸಿ ನೋಡಬೇಕು. ಮುಚ್ಚಿಡದೆ ಹೇಳುವುದಾದರೆ, ಕ್ಯಾಲ್ಸಿಯಂ ಏರಿದ ಹೊತ್ತಿಗೆ ಕಾಯಿಲೆ ಬಹುಮಟ್ಟಿಗೆ ಮುಂದುವರಿದಿರುತ್ತದೆ. ಹಾಗೆಂದು ಚಿಕಿತ್ಸೆ ವ್ಯರ್ಥವಲ್ಲ. ಮಂಕು ಕವಿದು ಮಲಗಿದ್ದವರು ಎದ್ದು ಕುಳಿತು ಮಕ್ಕಳ ಹೆಸರು ಹಿಡಿದು ಕರೆಯುವುದನ್ನು ಕಂಡಿದ್ದೇನೆ. ಮನೆಯವರಿಗೆ ಅದು ಸಣ್ಣ ವಿಷಯವಲ್ಲ.

ಒಳಗೇ ತಯಾರಾಗುವ ಸ್ಟಿರಾಯ್ಡ್

ಮೂರನೆಯದು ಎ.ಸಿ.ಟಿ.ಎಚ್. ಎಂಬ ಹಾರ್ಮೋನು. ಇದು ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ಚಾವಟಿ ಹಿಡಿದು ದುಡಿಸುತ್ತದೆ. ದೇಹದೊಳಗೇ ಸ್ಟಿರಾಯ್ಡ್ ವಿಪರೀತ ಹೆಚ್ಚುತ್ತದೆ. 1928ರಲ್ಲೇ ಬ್ರೌನ್ ಎಂಬ ಇಂಗ್ಲಿಷ್ ವೈದ್ಯ, ಗಡ್ಡ ಬೆಳೆದು ಸಕ್ಕರೆ ಕಾಯಿಲೆಯಿಂದ ನರಳಿದ ಹೆಂಗಸೊಬ್ಬಳ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದ್ದುದನ್ನು ಬರೆದಿಟ್ಟಿದ್ದ. ಎರಡಕ್ಕೂ ಇರುವ ನಂಟು ಸ್ಪಷ್ಟವಾಗಲು 1960ರ ದಶಕ ಬರಬೇಕಾಯಿತು.

ಸ್ಟಿರಾಯ್ಡ್ ಹೆಚ್ಚಾದವರ ಮುಖ ಚಂದ್ರನಂತೆ ದುಂಡಗಾಗುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ ದುಂಡು ಮುಖದವರು ಬಂದರೆ ನಾನು ಮೊದಲು ಕೇಳುವುದು "ಮಂಡಿನೋವಿಗೆ ಯಾರ ಹತ್ತಿರ ಪುಡಿ ತಗೊಂಡ್ರಿ?" ಎಂದು. ಹೆಸರಿಲ್ಲದ ಆ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದು ಹೊಸದೇನಲ್ಲ. ಸಣ್ಣ ಜೀವಕೋಶದ ಕ್ಯಾನ್ಸರಿನಲ್ಲಿ ಕಾಯಿಲೆಯ ವೇಗ ಎಷ್ಟೆಂದರೆ ಮುಖ ದುಂಡಗಾಗಲೂ ಸಮಯ ಸಿಗುವುದಿಲ್ಲ. ತೂಕ ಹೆಚ್ಚುವ ಬದಲು ಇಳಿಯುತ್ತದೆ. ಸುಳಿವು ಬೇರೆ ಕಡೆ ಇರುತ್ತದೆ: ಹೊಸದಾಗಿ ಬಂದು ಯಾವ ಮಾತ್ರೆಗೂ ಬಗ್ಗದ ಸಕ್ಕರೆ ಮತ್ತು ಬಿ.ಪಿ., ಕಾಲು ಊತ, ಮೈ ಕಪ್ಪಾಗುವುದು, ಕುಕ್ಕರುಗಾಲಲ್ಲಿ ಕುಳಿತರೆ ಏಳಲಾಗದಷ್ಟು ತೊಡೆ ಸೋಲುವುದು, ರಕ್ತದಲ್ಲಿ ಪೊಟ್ಯಾಸಿಯಂ 3ಕ್ಕಿಂತ ಕೆಳಗೆ. ಸೋಂಕು ಬಹಳ ಬೇಗ ತಗಲುತ್ತದೆ, ಆದ್ದರಿಂದ ಕೀಮೋ ಕೊಡುವುದೂ ಕಷ್ಟವಾಗುತ್ತದೆ. ಮೊದಲು ಸ್ಟಿರಾಯ್ಡ್ ತಯಾರಿಕೆ ತಗ್ಗಿಸುವ ಔಷಧಿ ಕೊಟ್ಟು ಆಮೇಲೆ ಮುಂದುವರಿಯುತ್ತಾರೆ. ಅದೃಷ್ಟಕ್ಕೆ ಇದು ಮೊದಲಿನ ಎರಡಕ್ಕಿಂತ ಅಪರೂಪ.

ಗಂಡಸರಲ್ಲಿ ಸ್ತನ ಊದಿಕೊಳ್ಳುವುದು, ಕೈಕಾಲುಗಳು ದಪ್ಪವಾಗಿ ಬೆಳೆಯುವುದು ಇವೂ ಹಾರ್ಮೋನಿನಿಂದ ಆಗಬಹುದಾದರೂ ತೀರ ವಿರಳ.

ಉಗುರು ನೋಡಿಕೊಳ್ಳಿ

ಹಾರ್ಮೋನಿನ ಪಟ್ಟಿಗೆ ಪೂರ್ತಿ ಸೇರದಿದ್ದರೂ ಮನೆಯಲ್ಲೇ ನೋಡಬಹುದಾದ ಗುರುತೊಂದಿದೆ. ಬೆರಳ ತುದಿ ತಮಟೆ ಕೋಲಿನ ಗುಂಡಿನಂತೆ ಉಬ್ಬಿ ಉಗುರು ಗಿಣಿಕೊಕ್ಕಿನಂತೆ ಬಾಗುವುದು. ಎರಡೂ ತೋರುಬೆರಳುಗಳ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿಯಿರಿ. ಉಗುರಿನ ಬುಡದಲ್ಲಿ ವಜ್ರದಾಕಾರದ ಸಣ್ಣ ಕಿಂಡಿ ಕಾಣಬೇಕು. ಬೆರಳು ಉಬ್ಬಿದವರಲ್ಲಿ ಆ ಕಿಂಡಿ ಮುಚ್ಚಿಹೋಗಿರುತ್ತದೆ. ದಕ್ಷಿಣ ಆಫ್ರಿಕದ ಹೃದ್ರೋಗ ತಜ್ಞ ಷಾಮ್ರೋತ್ 1976ರಲ್ಲಿ ಇದನ್ನು ತಿಳಿಸಿದ್ದು ತನ್ನದೇ ಬೆರಳುಗಳನ್ನು ನೋಡಿಕೊಂಡು. ಆತನಿಗೆ ಇದ್ದದ್ದು ಹೃದಯದ ಸೋಂಕು. ಹುಟ್ಟಿನಿಂದ ಬಂದ ಹೃದ್ರೋಗ, ಹಳೆಯ ಶ್ವಾಸಕೋಶದ ಸೋಂಕುಗಳಲ್ಲೂ ಹೀಗಾಗುತ್ತದೆ. ಆದರೆ ನಡುವಯಸ್ಸು ದಾಟಿದ ಬೀಡಿ ಸೇದುವವರಲ್ಲಿ ಹೊಸದಾಗಿ ಉಗುರು ಬಾಗಿ, ಮಣಿಕಟ್ಟು ಕಣಕಾಲು ನೋಯತೊಡಗಿದರೆ ಸಂಧಿವಾತವೆಂದು ಎಣ್ಣೆ ತಿಕ್ಕಿಸಿಕೊಂಡು ಕೂರಬೇಡಿ.

ನಮ್ಮ ಸುತ್ತಲಿನ ಹೊಗೆ, ಧೂಳು

ಶ್ವಾಸಕೋಶದ ಕ್ಯಾನ್ಸರಿಗೆ ಬೀಡಿ, ಸಿಗರೇಟೇ ಮೊದಲ ಕಾರಣ. ಬೀಡಿ ಸಣ್ಣದು, ಎಲೆಯದು, ಆದ್ದರಿಂದ ಕೆಡುಕು ಕಡಿಮೆ ಎಂಬುದು ಬರೀ ಭ್ರಮೆ. ನಮ್ಮ ಭಾಗದಲ್ಲಿ ಇನ್ನೆರಡನ್ನು ಮರೆಯುವ ಹಾಗಿಲ್ಲ. ರಾಮನಗರ, ಕನಕಪುರದ ಬಂಡೆ ಕ್ವಾರಿಗಳಲ್ಲಿ ಕಲ್ಲು ಒಡೆದು ಕೊಯ್ಯುವವರು ಸೇದುವ ಸಿಲಿಕಾ ಧೂಳು ಕ್ಯಾನ್ಸರ್ ತರುವುದು ಖಚಿತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಹೇಳಿದೆ. ಮನೆಯೊಳಗಿನ ಸೌದೆ ಒಲೆಯ ಹೊಗೆಯನ್ನು ಅದೇ ಘಟಕ ಬಹುಶಃ ಕ್ಯಾನ್ಸರ್ ತರುವಂಥದ್ದೆಂದು ಪಟ್ಟಿ ಮಾಡಿದೆ. ಗ್ಯಾಸ್ ಒಲೆ ಬಂದರೂ ಸ್ನಾನದ ನೀರಿಗೆ ಸೌದೆಯೇ ಉರಿಯುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ.

ಇನ್ನೊಂದು ತೊಡಕು ಕ್ಷಯ. ಎಕ್ಸ್-ರೇಯಲ್ಲಿ ನೆರಳು ಕಂಡರೆ ಕಫ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಟಿ.ಬಿ. ಮಾತ್ರೆ ಶುರುಮಾಡಿ ತಿಂಗಳುಗಳು ಕಳೆಯುವುದುಂಟು. ಆರು ವಾರ ಮಾತ್ರೆ ನುಂಗಿಯೂ ನೆರಳು ಕರಗದೆ ತೂಕ ಇಳಿಯುತ್ತಲೇ ಇದ್ದರೆ, "ಇದು ಬೇರೇನಾದರೂ ಇರಬಹುದೆ, ಬಯಾಪ್ಸಿ ಬೇಕೆ?" ಎಂದು ಕೇಳಿ. ಕೇಳಿದರೆ ವೈದ್ಯರು ಬೇಸರಪಟ್ಟುಕೊಂಡಾರೆಂಬ ಸಂಕೋಚ ಬೇಡ. ಬಯಾಪ್ಸಿ ಮಾಡಿದರೆ ಗಡ್ಡೆ ಕೆರಳಿ ಹರಡುತ್ತದೆ ಎಂಬ ಹೆದರಿಕೆಯನ್ನಂತೂ ಬಿಟ್ಟುಬಿಡಿ. ಯಾವ ಬಗೆಯ ಕೋಶವೆಂದು ತಿಳಿಯದೆ ಯಾವ ಚಿಕಿತ್ಸೆಯನ್ನೂ ಆರಂಭಿಸಲಾಗದು.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಶುರುವಾದದ್ದು. ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ನೋಂದಣಿಯನ್ನು 1982ರಿಂದ ಇಟ್ಟುಕೊಂಡು ಬಂದಿರುವುದೂ ಅದೇ. ಗಂಡಸರ ಕ್ಯಾನ್ಸರುಗಳಲ್ಲಿ ಶ್ವಾಸಕೋಶದ್ದು ಆ ಪಟ್ಟಿಯ ಮೊದಲ ಸಾಲುಗಳಲ್ಲಿದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಹೋಗುವಾಗ ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಒಯ್ಯಿರಿ. ಹಳೆಯ ಎಕ್ಸ್-ರೇ ಫಿಲ್ಮುಗಳನ್ನು ಮಡಿಸಬೇಡಿ, ಎಸೆಯಬೇಡಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ, ಪುಡಿಯಿದ್ದರೆ ಪುಡಿಯ ಪೊಟ್ಟಣವನ್ನೂ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.

ನಮ್ಮ ರೋಗಿಗೆ ನೀರು ಬಿಗಿಹಿಡಿದು, ಗಾಢ ಉಪ್ಪಿನ ದ್ರಾವಣ ಕೊಟ್ಟ ಮೂರನೆಯ ದಿನ ಮಾತು ಸರಿಹೋಯಿತು. ಕೀಮೋಥೆರಪಿಯ ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಸೋಡಿಯಂ 136ಕ್ಕೆ ಬಂತು. ಅವರು ಊರಿಗೆ ಮರಳಿ, ಹೊಲಕ್ಕೆ ಹೋಗಿ, ಮೊಮ್ಮಗಳ ನಾಮಕರಣಕ್ಕೆ ಪಂಕ್ತಿಯಲ್ಲಿ ಕುಳಿತು ಉಂಡರು. ಹತ್ತು ತಿಂಗಳಾದ ಮೇಲೆ ಒಂದು ದಿನ ಮಗ ಫೋನು ಮಾಡಿದ: "ಸಾ, ಅಪ್ಪಾರಿಗೆ ಎರಡು ದಿನದಿಂದ ಊಟ ಸೇರ್ತಾ ಇಲ್ಲ, ಹೆಸರು ಮರೀತಾವ್ರೆ. ನೀರು ಕಮ್ಮಿ ಮಾಡ್ಸಿದೀನಿ. ಉಪ್ಪಿನ ಪರೀಕ್ಷೆ ಮಾಡಿಸ್ಲಾ?" ಸೋಡಿಯಂ 124 ಇತ್ತು. ಗಡ್ಡೆ ಮರಳಿ ಬೆಳೆಯತೊಡಗಿದ್ದು ಸ್ಕ್ಯಾನಿನಲ್ಲಿ ಆಮೇಲೆ ಗೊತ್ತಾಯಿತು. ಈ ಸಲ ಅವರಿಗೆ ಯಾರೂ ತಾಯಿತ ಕಟ್ಟಲಿಲ್ಲ, ನಾನೂ ಸಲೈನ್ ಹಾಕಲಿಲ್ಲ. ಇನ್ನೂ ನಾಲ್ಕು ತಿಂಗಳು ಅವರು ಬದುಕಿದ್ದರು. ಕೊನೆಯ ವಾರದವರೆಗೂ ಎಲ್ಲರ ಗುರುತು ಹಿಡಿದು ಮಾತನಾಡಿಸುತ್ತಿದ್ದರಂತೆ.